ನೆಲ್ಲಿಹಡ್ಲಿಗೆ ಕಾಟಿ ಬಂದ ವರ್ಷ

ನೆಲ್ಲಿಹಡ್ಲು ಕ್ಯಾಂಪ್
ಸೆಪ್ಟೆಂಬರ್ 14, 2024

ಅಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ. ಚೆನ್ನಾಗಿದ್ದೇನೆ. ನನ್ನನ್ನು ಹೊಸ ಕ್ಯಾಂಪಿಗೆ ಹಾಕಿದ್ದಾರೆ, ಇಲ್ಲಿ ಫೋನ್ ಸಿಗುವುದಿಲ್ಲ, ಅಷ್ಟೇ. ಕುಟ್ಟದಿಂದ ಕಾಡಿನೊಳಗೆ ಜೀಪಿನಲ್ಲಿ ಒಂದು ಗಂಟೆಯ ದಾರಿ. ವಾರಕ್ಕೊಂದು ಸಲ ಅಕ್ಕಿ ಬೇಳೆ ತರುವ ಜೀಪು ಬರುತ್ತದೆ. ಡ್ರೈವರ್ ಕೈಗೆ ಕಾಗದ ಕೊಟ್ಟರೆ ಕುಟ್ಟದಲ್ಲಿ ಅಂಚೆಗೆ ಹಾಕುತ್ತಾನೆ. ನೀನು ಅಲ್ಲಿಯ ಫಾರೆಸ್ಟ್ ಆಫೀಸಿನ ವಿಳಾಸಕ್ಕೆ ಬರೆದರೆ ಅದೇ ಜೀಪಿನಲ್ಲಿ ನನಗೆ ತಲುಪುತ್ತದೆ.

ನಿಜ ಹೇಳಬೇಕೆಂದರೆ ಫೋನ್ ಇಲ್ಲದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ನೀನು ‘ಹೂಂ’, ‘ಊಟ ಆಯ್ತಾ’, ‘ಸರಿ, ಇಡ್ಲಾ’ ಎನ್ನುವುದು ಬಿಟ್ಟರೆ ಇನ್ನೊಂದು ಮಾತಿಲ್ಲ. ಪಕ್ಕದಲ್ಲಿ ಅಪ್ಪ ಕೂತಿದ್ದಾರೆ ಎಂದು ಆ ‘ಹೂಂ’ನಲ್ಲೇ ನನಗೆ ಗೊತ್ತಾಗುತ್ತಿತ್ತು.

ಇಲ್ಲಿ ನಾವು ಮೂವರು. ನಾನು ಗಾರ್ಡ್. ವಾಚರ್ ರವಿ ಎಂಬ ಹುಣಸೂರಿನ ಕಡೆಯವನು, ಅಡುಗೆ ಬಾರದಿದ್ದರೂ ಅಡುಗೆ ಮಾಡಲೇಬೇಕೆಂದು ಹಟ. ಮತ್ತೆ ದೊಡ್ಡಿ. ಹತ್ತಿರದ ಗಿರಿಜನ ಹಾಡಿಯವಳು, ಅರವತ್ತು ದಾಟಿದೆ. ನಾನೊಬ್ಬಳೇ ಹೆಂಗಸು ಎಂದು ಜೊತೆಗೆ ಇಟ್ಟಿದ್ದಾರೆ. ನನ್ನ ಕೋಣೆಯಲ್ಲೇ ಮಲಗುತ್ತಾಳೆ, ನಿದ್ದೆಯಲ್ಲಿ ಯಾರ ಜೊತೆಗೋ ಜಗಳ ಕಾಯುತ್ತಾಳೆ.

ಕ್ಯಾಂಪಿನ ಮುಂದೆ ಆನೆ ಕಂದಕ. ಅದರಾಚೆಗೆ ನೆಲ್ಲಿಹಡ್ಲು. ನಿನಗೆ ತೋರಿಸಬೇಕು ಅಮ್ಮ. ಕಾಡಿನ ನಡುವೆ ಮರವೇ ಇಲ್ಲದ, ಕಾಲಿಟ್ಟರೆ ಒದ್ದೆಯಾಗುವ ಹುಲ್ಲುಗಾವಲು. ಬೆಳಿಗ್ಗೆ ಮಂಜು ಕೂತಾಗ ಹಡ್ಲೋ ಕೆರೆಯೋ ಹೇಳಲಾಗುವುದಿಲ್ಲ. ನಾನು ಕಂದಕದ ಅಂಚಿನಲ್ಲಿ ಚಹಾ ಹಿಡಿದು ನಿಲ್ಲುತ್ತೇನೆ, ಮಂಜಿನೊಳಗೆ ಯಾರೋ ಮಾತು ನಿಲ್ಲಿಸಿದ ಹಾಗೆ ಇರುತ್ತದೆ.

ಇಷ್ಟೂ ನೆಲ ಲಂಟಾನದ ಪೊದೆಯಾಗಿತ್ತಂತೆ. ಎರಡು ವರ್ಷ ಆಳು ಹಚ್ಚಿ ಬುಡಸಮೇತ ಕೀಳಿಸಿದ ಮೇಲೆ ಹುಲ್ಲು ತಾನಾಗಿ ಎದ್ದಿದೆ. ಈಗ ನಮ್ಮ ಕೆಲಸ ಕಾಡು ಕಾಯುವುದು, ಜೊತೆಗೆ ಈ ಹುಲ್ಲಿಗೆ ಯಾರು ಯಾರು ಬರುತ್ತಾರೆ ಎಂದು ನೋಡುವುದು. ಜಿಂಕೆ ಬಂದಿವೆ. ಆನೆ ಹಾದುಹೋಗುತ್ತವೆ. ಕಾಯುತ್ತಿರುವವು ಮಾತ್ರ ಬಂದಿಲ್ಲ.

ಯಾವುವು ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಸುಮಾರು ಹೊತ್ತು ಕೂತಿದ್ದೆ. ಕಾಟಿ, ಅಮ್ಮ. ಪುಸ್ತಕದವರು ಕಾಡುಕೋಣ ಎನ್ನುತ್ತಾರಲ್ಲ, ಅವೇ. ದೊಡ್ಡಿ ಹುಡುಗಿಯಾಗಿದ್ದಾಗ ಈ ಹಡ್ಲಿನ ತುಂಬಾ ಇದ್ದವಂತೆ. ಆಮೇಲೆ ದನಗಳಿಂದ ದೊಡ್ಡರೋಗ ಹತ್ತಿ ಸಾಲಾಗಿ ಸತ್ತವು, ಉಳಿದವು ಎತ್ತಲೋ ಹೋದವು, ಹುಲ್ಲಿನ ಮೇಲೆ ಲಂಟಾನ ಬಂತು. ಎಷ್ಟಿದ್ದವು ಎಂದು ಕೇಳಿದರೆ ದಿನಕ್ಕೊಂದು ಲೆಕ್ಕ ಹೇಳುತ್ತಾಳೆ. ಅರ್ಧ ಸುಳ್ಳು.

ನಿನಗೆ ಈ ವಿಷಯ ಬರೆಯಬಾರದಿತ್ತು. ಬರೆಯದಿದ್ದರೆ ನನ್ನ ದಿನದಲ್ಲಿ ಬರೆಯಲು ಬೇರೇನೂ ಇಲ್ಲ. ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಈ ನೌಕರಿಯ ಆರ್ಡರು ಬಂತು. ‘ನಿಮ್ಮಮ್ಮನ ತೊಡೆ ಮುರಿದ ಪ್ರಾಣಿಗೆ ಕಾವಲು ಹೋಗ್ತೀಯ? ಹೋಗು. ಮತ್ತೆ ನನ್ ಮನೆ ಬಾಗ್ಲಿಗೆ ಬರ್ಬೇಡ’ ಎಂದು ಅಪ್ಪ ನಿನ್ನ ಮಂಚದ ಪಕ್ಕದಲ್ಲೇ ಅಂದರು. ನೀನು ಕಣ್ಣು ಮುಚ್ಚಿಕೊಂಡು ‘ಹೋಗು ರಂಜಿ’ ಅಂದೆ. ಆ ಎರಡು ಪದದ ಮೇಲೆ ಒಂದೂವರೆ ವರ್ಷ ಬದುಕಿದ್ದೇನೆ.

ಕಾಲು ಹೇಗಿದೆ? ಎಲ್ಲಿಯವರೆಗೆ ನಡೆಯುತ್ತೀಯ? ಅಪ್ಪ ಏನಾದರೂ ಅಂದರಾ?

ನಿನ್ನ
ರಂಜಿ


ಹುದಿಕೇರಿ
ಅಕ್ಟೋಬರ್ 6, 2024

ರಂಜಿ ಮಗಳೇ,

ಏಳನೇ ಕ್ಲಾಸಿನ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಕಾಗದವನ್ನು ಅಂಚೆಯವನಿಂದ ಇಸಿದುಕೊಂಡು ಬಂದವರು ನಿಮ್ಮಪ್ಪನೇ. ಅಕ್ಷರ ಗುರುತು ಹತ್ತಿರಬೇಕು. ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಅದರ ಮೇಲೆ ಕನ್ನಡಕದ ಪೆಟ್ಟಿಗೆ ಇಟ್ಟು ತೋಟದ ಆಳುಗಳ ಹಾಜರಿ ಕರೆಯಲು ಹೋದರು. ಗಾಳಿಯೇನೂ ಇರಲಿಲ್ಲ.

ಅವರು ಏನೂ ಅನ್ನಲಿಲ್ಲ. ಅನ್ನದೇ ಇರುವುದು ಅವರಿಗೆ ಈಗ ಅಭ್ಯಾಸವಾಗಿದೆ.

ಕಾಟಿಯ ವಿಷಯ ನನಗೆ ಬರೆಯಬಾರದು ಎಂದು ಯಾಕೆ ಅಂದುಕೊಂಡೆ? ಇಲ್ಲಿ ನನ್ನ ಮುಂದೆ ಯಾರೂ ಆ ಹೆಸರೆತ್ತುವುದಿಲ್ಲ. ಪಕ್ಕದ ಮನೆ ಚಲುವಮ್ಮ ಹೇಳಲೇಬೇಕಾಗಿ ಬಂದರೆ ‘ಅದು’ ಎನ್ನುತ್ತಾಳೆ. ಹೆಸರು ಹೇಳದಿದ್ದರೆ ಮರೆಯುತ್ತೇನೆ ಎಂದು ಎಲ್ಲರಿಗೂ ಭ್ರಮೆ. ನಿನಗೊಬ್ಬಳಿಗೆ ಹೇಳುತ್ತೇನೆ, ಕೇಳು.

ಅವತ್ತು ರೊಬಸ್ಟಾ ಬ್ಲಾಕಿನಲ್ಲಿ ಕಾಫಿ ಕುಯ್ಯುತ್ತಿದ್ದೆ. ಕೆಳಗೆ ಬಿದ್ದ ಹಣ್ಣು ಹೆಕ್ಕಲು ಕೂತೆ. ಗಿಡಗಳ ಬುಡದಲ್ಲಿ ನೋಡಿದರೆ ಆಚೆ ಸಾಲಿನಲ್ಲಿ ಬಿಳಿ ಕಾಲುಚೀಲ ಕಾಣಿಸಿತು. ಎರಡಲ್ಲ, ಸುಮಾರು. ಮಂಡಿಯ ತನಕ ಬಿಳಿ. ಸ್ಕೂಲಿನ ಮಕ್ಕಳು ತೋಟದ ಒಳದಾರಿ ಹಿಡಿದು ಮನೆಗೆ ಹೋಗುತ್ತಿದ್ದಾರೆ ಅಂದುಕೊಂಡೆ. ‘ಯಾರ್ರೋ ಮಕ್ಕಳಾ, ನಿಧಾನ, ಜಾರ್ತದೆ’ ಎಂದು ಕೂಗಿಯೂ ಬಿಟ್ಟೆ. ಆ ಕಾಲುಗಳೆಲ್ಲ ಒಟ್ಟಿಗೆ ನಿಂತವು. ನಾನು ಎದ್ದೆ. ಗಿಡದ ಮೇಲೆ ಅಷ್ಟೆತ್ತರಕ್ಕೆ ಒಂದು ಮುಖ, ಇಷ್ಟು ಹತ್ತಿರ. ಅದು ಬಿಟ್ಟ ಉಸಿರು ನನ್ನ ಕೆನ್ನೆಗೆ ಬೆಚ್ಚಗೆ ತಾಗಿತು. ಎಲ್ಲೋ ಹುಲ್ಲು ಬೇಯಿಸಿದ ವಾಸನೆ. ನನಗಿಂತ ಅದಕ್ಕೇ ಹೆದರಿಕೆ ಜಾಸ್ತಿ ಇತ್ತು ರಂಜಿ, ಕಣ್ಣಿನಲ್ಲಿ ಕಂಡೆ. ಆಮೇಲೆ ಸಿಲ್ವರ್ ಓಕ್ ಮರಕ್ಕೆ ಹೋಗಿ ಬಡಿದೆ, ಆಮೇಲೆ ಏನೂ ನೆನಪಿಲ್ಲ.

ಆಗಾಗ ಕನಸಿನಲ್ಲಿ ಬರುತ್ತದೆ. ಏನೂ ಮಾಡುವುದಿಲ್ಲ. ಅಂಗಳದಲ್ಲಿ ನಿಂತು ನನ್ನನ್ನು ನೋಡಿ, ಯಾರನ್ನೋ ಕೇಳಲು ಬಂದವರ ಹಾಗೆ ಸ್ವಲ್ಪ ಹೊತ್ತಿದ್ದು ಹೋಗುತ್ತದೆ. ಬೆಳಿಗ್ಗೆ ಎದ್ದರೆ ಹೆದರಿಕೆ ಇರುವುದಿಲ್ಲ. ಏನೋ ಹೇಳಬೇಕಿತ್ತು ಅನ್ನಿಸುತ್ತದೆ.

ಕಾಲು ಕೇಳಿದ್ದೀಯ. ಡಾಕ್ಟರು ‘ರಾಡು ಗಟ್ಟಿಯಾಗಿ ಕೂತಿದೆ, ಎಲ್ಲಿಗೆ ಬೇಕಾದ್ರೂ ನಡೀರಿ’ ಎಂದಿದ್ದಾರೆ. ಊರುಗೋಲು ಹಿಡಿದು ಅಂಗಳದ ಕೊನೆಯ ದಾಸವಾಳದ ತನಕ ಹೋಗುತ್ತೇನೆ. ಅಲ್ಲಿಂದ ಮುಂದೆ ತೋಟ ಶುರು. ಅಲ್ಲಿಗೆ ಕಾಲು ನಿಲ್ಲುತ್ತದೆ. ನೋವಿಲ್ಲ. ನಿಲ್ಲುತ್ತದೆ, ಅಷ್ಟೇ.

ದೊಡ್ಡಿ ಹೇಳುವ ಸುಳ್ಳನ್ನೆಲ್ಲ ಬರೆ.

ನಿನ್ನ ಅಮ್ಮ
ಮುತ್ತಮ್ಮ


ನೆಲ್ಲಿಹಡ್ಲು
ನವೆಂಬರ್ 24, 2024

ಅಮ್ಮಾ,

ನಿನ್ನ ಕಾಗದವನ್ನು ನಾನು ಯಾರಿಗೂ ತೋರಿಸಿಲ್ಲ. ಗಸ್ತು ಹೋಗುವಾಗ ಪೊದೆ ಸಿಕ್ಕಿದಲ್ಲೆಲ್ಲ ಬಗ್ಗಿ ಬುಡ ನೋಡುವುದು ಅಭ್ಯಾಸವಾಗಿದೆ. ರವಿ ‘ಏನ್ ಮೇಡಂ, ಏನಾದ್ರೂ ಬಿದ್ದೋಯ್ತಾ?’ ಎನ್ನುತ್ತಾನೆ. ಹೂಂ ಎನ್ನುತ್ತೇನೆ.

ಮಳೆ ನಿಂತಿದೆ. ಹಡ್ಲಿನಲ್ಲಿ ಹುಲ್ಲು ನನ್ನ ಸೊಂಟಕ್ಕೆ ಬಂದಿದೆ. ಬೆಳಿಗ್ಗೆ ಹುಲ್ಲಿನ ತುದಿಗಳೆಲ್ಲ ಜೇಡರಬಲೆ, ಬಲೆಯ ತುಂಬ ಇಬ್ಬನಿ. ಬಿಸಿಲು ಏರುವ ತನಕ ಇಡೀ ಹಡ್ಲು ಬೆಳ್ಳಗೆ ಮಿನುಗುತ್ತದೆ, ಬಿಸಿಲು ಬಂದ ಕೂಡಲೇ ಏನೂ ಇರಲಿಲ್ಲವೆಂಬಂತೆ ಹಸಿರಾಗುತ್ತದೆ. ದಿನವೂ ನೋಡಿದರೂ ಆ ಬದಲಾಗುವ ಗಳಿಗೆಯನ್ನು ಹಿಡಿಯಲು ನನಗಾಗಿಲ್ಲ.

ದೊಡ್ಡಿಯ ಇವತ್ತಿನ ಸುಳ್ಳು: ಅವಳ ಅಜ್ಜಿಯ ಕಾಲದಲ್ಲಿ ಕಾಟಿಗಳು ಹಾಡಿಗೆ ಬಂದು ಬೆಂಕಿ ಕಾಯಿಸಿಕೊಳ್ಳುತ್ತಿದ್ದವಂತೆ. ‘ಹೊಗೆ ಕುಡಿಯಕ್ಕೆ ಬರ್ತಿದ್ವು ಕಣವ್ವ, ಸೊಳ್ಳೆ ಕಾಟಕ್ಕೆ. ನಮ್ಮಜ್ಜಿ ಒಂದ್ ಕೊಳ್ಳಿ ಜಾಸ್ತಿ ಹಾಕೋಳು.’ ನಿಜವೂ ಇರಬಹುದು. ಅವಳು ಹೇಳುವಾಗ ನಿಜವೇ ಅನ್ನಿಸುತ್ತದೆ.

ಹೋದ ವಾರ ಒಂದು ಗುರುತು ಸಿಕ್ಕಿತು. ಹಡ್ಲಿನ ಪಡುವಣ ಅಂಚಿನಲ್ಲಿ, ಬಿದಿರು ಮುಗಿದು ಹುಲ್ಲು ಶುರುವಾಗುವ ಕಡೆ, ಕೆಸರಿನಲ್ಲಿ ದೊಡ್ಡ ಗೊರಸು. ಒಂದೇ ಪ್ರಾಣಿ. ಹುಲ್ಲಿನ ಅಂಚಿನ ತನಕ ಬಂದು ಬಹಳ ಹೊತ್ತು ನಿಂತಿದೆ, ಭಾರಕ್ಕೆ ನೆಲ ಆಳವಾಗಿ ಒತ್ತಿದೆ. ಒಂದು ಎಸಳು ಹುಲ್ಲನ್ನೂ ಮುಟ್ಟದೆ ಬಂದ ದಾರಿಯಲ್ಲೇ ತಿರುಗಿ ಹೋಗಿದೆ. ರವಿಗೆ ಖುಷಿ. ‘ಬಂತಲ್ಲ ಮೇಡಂ!’ ಎಂದು ಕುಣಿದ. ನನಗೆ ಆ ಗುರುತಿನ ಮುಂದೆ ಕೂತುಕೊಂಡಾಗ ಯಾಕೋ ನಿನ್ನ ನೆನಪಾಯಿತು.

ಚಲುವಮ್ಮನ ಕೈಹಿಡಿದು ಒಂದು ದಿನ ದಾಸವಾಳ ದಾಟಬಾರದಾ? ಬೇಡ, ಒತ್ತಾಯ ಮಾಡುವುದಿಲ್ಲ.

ಅಪ್ಪ ನನ್ನ ಕಾಗದ ಓದುತ್ತಾರಾ?

ರಂಜಿ


ಹುದಿಕೇರಿ
ಡಿಸೆಂಬರ್ 29, 2024

ರಂಜಿ,

ಕಾಫಿ ಪಿಕಿಂಗ್ ಶುರುವಾಗಿದೆ. ಲೈನ್‌ಮನೆಗಳ ಆಳುಗಳೆಲ್ಲ ಬೆಳಿಗ್ಗೆ ನಮ್ಮ ಅಂಗಳ ಹಾದೇ ಹೋಗುತ್ತಾರೆ. ಹೆಂಗಸರು ‘ಬರ್ತೀಯ ಮುತ್ತಕ್ಕಾ?’ ಎಂದು ಮೊದಲ ದಿನ ಕೇಳಿದರು, ಆಮೇಲೆ ಕೇಳಲಿಲ್ಲ. ಬಾಗಿಲಲ್ಲಿ ಕೂತರೆ ಅವರ ಮಾತು, ಟಿನ್ನಿಗೆ ಹಣ್ಣು ಬೀಳುವ ಸದ್ದು ಕೇಳುತ್ತದೆ. ನನ್ನ ಬೆರಳು ಮಡಿಲಲ್ಲಿ ತಾವಾಗಿಯೇ ಆಡುತ್ತವೆ.

ಈ ವರ್ಷ ಕಾಟಿ ಈ ಕಡೆಗೂ ಬಂದಿವೆ. ಹೊಳೆಯ ಪಕ್ಕ ಬೀಳು ಬಿಟ್ಟ ಗದ್ದೆಗಳಲ್ಲಿ ಸಂಜೆ ಮೇಯುತ್ತವಂತೆ. ನನ್ನ ಚಿಕ್ಕಂದಿನಲ್ಲಿ ಅಲ್ಲೆಲ್ಲ ಭತ್ತ. ಈಗ ಬೇಸಾಯಕ್ಕೆ ಜನ ಇಲ್ಲ, ಗದ್ದೆಯೇ ಹುಲ್ಲಾಗಿದೆ. ಚಲುವಮ್ಮನ ಗಂಡ ನೋಡಿ ಬಂದ, ಹೊಟ್ಟೆ ಇಳಿದ ಗಬ್ಬದ ಕಾಟಿಯೂ ಒಂದಿದೆಯಂತೆ. ನಿಮ್ಮಪ್ಪ ಪಟಾಕಿ ತರಿಸಿ ಗೋಡೌನಿನಲ್ಲಿ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಕೆಲಸದವರಿಗಿಂತ ಮೊದಲು ತಾವೊಬ್ಬರೇ ಹೋಗಿ ಬ್ಲಾಕೆಲ್ಲ ಸುತ್ತಿ ಬರುತ್ತಾರೆ. ಯಾವ ಹೆಂಗಸನ್ನೂ ಒಂಟಿಯಾಗಿ ಸಾಲಿಗೆ ಬಿಡುವುದಿಲ್ಲ.

ನೀನು ಕೇಳಿದ್ದಕ್ಕೆ: ಗೊತ್ತಿಲ್ಲ. ನಾನು ಇಟ್ಟ ಕಡೆಯಲ್ಲೇ ಕಾಗದ ಇರುತ್ತದೆ.

ಅಮ್ಮ


ನೆಲ್ಲಿಹಡ್ಲು
ಫೆಬ್ರವರಿ 16, 2025

ಅಮ್ಮಾ, ಬರೆಯಲು ಹೊತ್ತಿಲ್ಲ. ಕಾಡು ಒಣಗಿ ಗರಗರ ಎನ್ನುತ್ತಿದೆ, ಬೆಂಕಿ ಬೀಳದಂತೆ ಕಾಯುವ ಕೆಲಸ. ಹಡ್ಲಿನ ನಡುವೆ ಮಾತ್ರ ಒಂದಿಷ್ಟು ಹಸಿರು ಉಳಿದಿದೆ. ಆ ಗುರುತು ಬಿಟ್ಟದ್ದು ಮತ್ತೆ ಬರಲಿಲ್ಲ. ಮೇಲಿನ ಸಾಹೇಬರು ‘ಬರುತ್ತವೋ ಇಲ್ಲವೋ, ಈ ಮಳೆಗಾಲದ ತನಕ ನೋಡೋಣ’ ಎಂದಿದ್ದಾರೆ. ಬರದಿದ್ದರೆ ಕ್ಯಾಂಪ್ ಮುಚ್ಚಿ ನಮ್ಮನ್ನು ಬೇರೆ ಕಡೆ ಹಾಕುತ್ತಾರೆ. ದೊಡ್ಡಿ ಇತ್ತೀಚೆಗೆ ಸುಳ್ಳು ಹೇಳುವುದನ್ನು ಕಡಿಮೆ ಮಾಡಿದ್ದಾಳೆ. ಅದೇ ನನಗೆ ಬೇಜಾರು.

ರಂಜಿ


ಹುದಿಕೇರಿ
ಮಾರ್ಚ್ 12, 2025

ರಂಜಿ ಮಗಳೇ,

ಇದನ್ನು ಓದುವ ಮೊದಲು ಕೂತುಕೋ. ನನಗೇನೂ ಆಗಿಲ್ಲ, ನಿಮ್ಮಪ್ಪನಿಗೂ ಏನೂ ಆಗಿಲ್ಲ.

ಮೊನ್ನೆ ಭಾನುವಾರ. ಸಾವುಕಾರ್ ಬೆಳ್ಳಿಯಪ್ಪನವರು ಮದುವೆಗೆಂದು ಬಿಟ್ಟಂಗಾಲಕ್ಕೆ ಹೋಗಿದ್ದರು. ಎಸ್ಟೇಟಿನ ಲೆಕ್ಕ ಹಾಜರಿ ನೋಡುವ ರೈಟರ್ ಎಂದು ಅವತ್ತು ನಿಮ್ಮಪ್ಪನೇ ಯಜಮಾನ. ಬೆಳಗಿನ ತಿಂಡಿ ಮುಗಿದಿತ್ತು. ತೋಟದ ಕಡೆಯಿಂದ ಒಂದು ಕೂಗು ಬಂತು. ದನದ ಕೂಗಿನಂತೆಯೇ ಇದೆ, ದನದ್ದಲ್ಲ. ಎದೆಯೊಳಗಿನಿಂದ ಎಳೆದು ಬಿಟ್ಟ ಹಾಗೆ. ಸ್ವಲ್ಪ ಹೊತ್ತಿಗೆ ಪಟಾಕಿ. ಪಟಾಕಿ ಆದ ಮೇಲೆ ಮತ್ತೆ ಅದೇ ಕೂಗು, ಇನ್ನೂ ಜೋರಾಗಿ.

ಚಲುವಮ್ಮ ಓಡಿ ಬಂದು, ‘ನೀರಿನ ಹೊಂಡಕ್ಕೆ ಕಾಟಿಕರು ಬಿದ್ದೈತೆ ಮುತ್ತಕ್ಕ. ತಾಯಿ ಮ್ಯಾಲೆ ನಿಂತೈತೆ, ಯಾರನ್ನೂ ಹತ್ರ ಬಿಡ್ತಿಲ್ಲ’ ಎಂದಳು.

ಸ್ಪ್ರಿಂಕ್ಲರಿಗೆಂದು ತೋಡಿಸಿದ ಹೊಂಡ ಗೊತ್ತಲ್ಲ, ಕಪ್ಪು ಪ್ಲಾಸ್ಟಿಕ್ ಹಾಸಿದ್ದು. ನಾಯಿ ಬಿದ್ದರೂ ಹತ್ತಿ ಬರಲಾಗುವುದಿಲ್ಲ, ಜಾರುತ್ತದೆ. ನೀರು ಕುಡಿಯಲು ಬಂದು ಮರಿ ಜಾರಿದೆ. ಫಾರೆಸ್ಟಿನವರಿಗೆ ಫೋನ್ ಮಾಡಿದರೆ ಆನೆ ಓಡಿಸಲು ಬೇರೆ ಕಡೆ ಹೋಗಿದ್ದಾರೆ, ಸಂಜೆಯಾಗುತ್ತದೆ ಎಂದರಂತೆ.

ನಾನು ಬಾಗಿಲಲ್ಲಿ ಕೂತು ಕೇಳಿದೆ. ಕೂಗು ನಿಲ್ಲಲಿಲ್ಲ. ಅದು ಯಾರನ್ನು ಕರೆಯುತ್ತಿದೆಯೆಂದು ಗೊತ್ತಿದ್ದೂ, ನನ್ನನ್ನೇ ಕರೆದ ಹಾಗೆ ಆಗುತ್ತಿತ್ತು. ಊರುಗೋಲು ತೆಗೆದುಕೊಂಡು ಎದ್ದೆ. ದಾಸವಾಳ ಯಾವಾಗ ದಾಟಿದೆನೋ ನೆನಪಿಲ್ಲ. ಅರ್ಧ ದಾರಿಯಲ್ಲಿ ಚಲುವಮ್ಮ ‘ಅಯ್ಯೋ ಮುತ್ತಕ್ಕ, ತೋಟದಾಗಿದ್ದೀಯ’ ಎಂದ ಮೇಲೆಯೇ ಗೊತ್ತಾದದ್ದು.

ಹೊಂಡದ ಹತ್ತಿರ ಹತ್ತಿಪ್ಪತ್ತು ಜನ ಗಿಡಗಳ ಮರೆಯಲ್ಲಿದ್ದರು. ನಿಮ್ಮಪ್ಪನ ಕೈಯಲ್ಲಿ ಪಟಾಕಿ. ತಾಯಿಯನ್ನು ಓಡಿಸಿದರೆ ಮರಿಗೆ ಹಗ್ಗ ಹಾಕಬಹುದು ಎಂದು ಅವರ ಲೆಕ್ಕ. ಆದರೆ ಒಂದೊಂದು ಪಟಾಕಿಗೂ ತಾಯಿ ಏರಿಯ ಮೇಲೆ ಹುಚ್ಚೆದ್ದು ಓಡುತ್ತದೆ, ಮರಿ ಹೆದರಿ ನಡುನೀರಿಗೆ ಈಜುತ್ತದೆ. ಜೇನಿನ ಬಣ್ಣದ ಮರಿ ರಂಜಿ. ಮೂಗು ಮತ್ತು ಎರಡು ಕಿವಿ ಮಾತ್ರ ನೀರಿನ ಮೇಲೆ.

ನನ್ನನ್ನು ಕಂಡು ನಿಮ್ಮಪ್ಪನ ಮುಖ ಬಿಳುಚಿತು.

‘ನೀನ್ಯಾಕೆ ಬಂದೆ? ಹುಚ್ಚಾ ನಿಂಗೆ? ನಡಿ ಮನೆಗೆ.’

‘ಆ ಪಟಾಕಿ ನಿಲ್ಸಿ.’

‘ಮುತ್ತಾ, ಹೇಳಿದ್ ಮಾತು ಕೇಳು.’

‘ಬರೋದೇನೋ ಬಂದ್ಬಿಟ್ಟೆ. ವಾಪಸು ನಡಿಯಕ್ಕೆ ಕಾಲಲ್ಲಿ ಶಕ್ತಿ ಇಲ್ಲ. ಕೂತ್ಕೋತೀನಿ’ ಎಂದು ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತೆ. ಅಲ್ಲಿಂದ ತಾಯಿಗೆ ನಾನು ಕಾಣುತ್ತಿದ್ದೆ, ನನಗೆ ಅದು ಕಾಣುತ್ತಿತ್ತು.

ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿದರೆ ಗೋಣಿ ಹಾಸುತ್ತೇವಲ್ಲ. ಅದನ್ನೇ ಹೇಳಿದೆ. ಗೋಡೌನಿನಿಂದ ಕಾಫಿ ಗೋಣಿ ತರಿಸಿದರು. ನಾನೂ ಚಲುವಮ್ಮನೂ ತುದಿಗೆ ತುದಿ ಗಂಟು ಹಾಕಿದೆವು, ಉದ್ದನೆ ಚಾಪೆಯಾಯಿತು. ಅದನ್ನು ತಾಯಿ ನಿಂತ ಕಡೆ ಬಿಟ್ಟು ಎದುರು ದಡದಲ್ಲಿ ಒಬ್ಬರು ಇಳಿಬಿಡಬೇಕು, ತುದಿಯನ್ನು ಮರಕ್ಕೆ ಕಟ್ಟಬೇಕು. ಯಾರು ಹೋಗುವುದು? ಎಲ್ಲರಿಗೂ ಹೆಂಡತಿ ಮಕ್ಕಳಿದ್ದಾರೆ. ನಿಮ್ಮಪ್ಪ ಚಪ್ಪಲಿ ಬಿಟ್ಟರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು.

ಏರಿಯ ಮೇಲೆ ಹೊಟ್ಟೆ ಅಡಿ ಮಾಡಿ ತೆವಳಿಕೊಂಡು ಹೋದರು. ಗೋಣಿ ಅರ್ಧ ಇಳಿದಿತ್ತು. ಅಷ್ಟರಲ್ಲಿ ತಾಯಿ ಆ ಕಡೆ ತಿರುಗಿ ಏರಿ ಸುತ್ತಿ ಬರತೊಡಗಿತು. ಜನ ಹೋ ಎಂದು ಚದುರಿದರು. ನಿಮ್ಮಪ್ಪ ಎದ್ದು ಓಡಿದ್ದರೆ ಗಿಡದ ಸಾಲಿಗೆ ಸೇರಬಹುದಿತ್ತು. ಓಡಲಿಲ್ಲ. ಮೆಟ್ಟಿಲಿನಲ್ಲಿದ್ದ ನನ್ನ ಕಡೆ ಒಂದು ಸಲ ನೋಡಿದರು. ನಾನು ಓಡಲಾರೆ ಎಂದು ಅವರಿಗೆ ಗೊತ್ತಲ್ಲ, ಅದಕ್ಕೇ ಅವರೂ ಓಡಲಿಲ್ಲ.

ನನ್ನ ಬಾಯಿಂದ ಮಾತು ಹೊರಟಿತು. ಹಟ್ಟಿಯಲ್ಲಿ ಈದ ಹಸುವಿಗೆ ಹೇಳುವ ಹಾಗೆ, ‘ಅಲ್ಲೇ ಇರವ್ವ. ಏನೂ ಮಾಡಲ್ಲ. ನಿನ್ ಮಗೂನೇ ಎತ್ತತಾ ಇದ್ದಾರೆ. ಅಲ್ಲೇ ಇರು ನನ್ನವ್ವ’ ಎಂದು ಹೇಳುತ್ತಲೇ ಇದ್ದೆ. ಅದಕ್ಕೆ ಕೇಳಿಸಿತೋ, ಬೇರೆ ಯಾವುದಕ್ಕೋ ನಿಂತಿತೋ, ದೇವರೇ ಬಲ್ಲ. ನಿಂತಿತು. ಕಿವಿ ನನ್ನ ಕಡೆ ತಿರುಗಿತು. ಅದರ ಉಸಿರಿನ ಸದ್ದು ನನಗೆ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆವು ಗೊತ್ತಿಲ್ಲ. ಕನಸಿನಲ್ಲಿ ಹೊತ್ತು ಹೋಗುವ ಹಾಗೆ ಹೋಯಿತು. ಮರದ ಮೇಲೆ ಒಂದು ಹಕ್ಕಿ ಕೂಗುತ್ತಿತ್ತು, ಬಿಸಿಲು ನೀರಿನ ಮೇಲೆ ಆಡುತ್ತಿತ್ತು, ನನಗೆ ಯಾವ ಹೆದರಿಕೆಯೂ ಇರಲಿಲ್ಲ.

ನಿಮ್ಮಪ್ಪ ಗಂಟು ಬಿಗಿದು ಹಿಂದಕ್ಕೆ ಸರಿದರು. ಮರಿ ಎರಡು ಸಲ ಹತ್ತಿ ಜಾರಿತು. ಮೂರನೆಯ ಸಲ ಮೊಣಕಾಲೂರಿ, ಗೋಣಿಗೆ ಗೊರಸು ಸಿಕ್ಕಿಸಿಕೊಂಡು, ಮೇಲೆ ಬಂದು ನಿಂತು ಮೈ ಕೊಡವಿತು. ತಾಯಿ ಅದನ್ನು ಮೂಸಿತು. ನಾವು ಯಾರೂ ಇಲ್ಲವೇ ಇಲ್ಲ ಎನ್ನುವಂತೆ ಇಬ್ಬರೂ ನಡೆದು ಗಿಡಗಳೊಳಗೆ ಹೋದರು. ನಾನು ಮೆಟ್ಟಿಲಿನಿಂದ ಬಗ್ಗಿ ನೋಡಿದೆ. ಬಿಳಿ ಕಾಲುಗಳು, ದೊಡ್ಡವು ಮತ್ತು ಚಿಕ್ಕವು, ಸಾಲಿನಿಂದ ಸಾಲಿಗೆ.

ಸಂಜೆ ಬಂದ ಫಾರೆಸ್ಟಿನವರು ನಮ್ಮನ್ನು ಚೆನ್ನಾಗಿ ಬೈದರು. ಅವರು ಹೇಳಿದ್ದೂ ಸರಿಯೇ.

ಮನೆಗೆ ಬಂದು ನಿಮ್ಮಪ್ಪ ಸ್ನಾನ ಮಾಡಿದರು, ಊಟ ಮಾಡಿದರು. ಆಮೇಲೆ ಎಣ್ಣೆ ಬಿಸಿ ಮಾಡಿಕೊಂಡು ಬಂದು ನನ್ನ ಕಾಲ ಬುಡದಲ್ಲಿ ಕೂತರು. ಆಸ್ಪತ್ರೆಯಿಂದ ಬಂದ ಮೇಲೆ ಆ ಕಾಲನ್ನು ಅವರು ಒಂದು ಸಲವೂ ಮುಟ್ಟಿರಲಿಲ್ಲ, ನೋಡಿಯೂ ಇರಲಿಲ್ಲ. ಗಾಯದ ಗುರುತಿನ ಮೇಲೆ ನಿಧಾನಕ್ಕೆ ಎಣ್ಣೆ ಹಚ್ಚಿದರು. ‘ತುಂಬ ನೋಯ್ತಿತ್ತಾ?’ ಎಂದರು. ಇವತ್ತಿನದನ್ನು ಕೇಳಿದರೋ, ಅವತ್ತಿನದನ್ನೋ. ‘ಈಗಿಲ್ಲ’ ಎಂದೆ.

ಅಮ್ಮ


ನೆಲ್ಲಿಹಡ್ಲು
ಏಪ್ರಿಲ್ 13, 2025

ಅಮ್ಮಾ,

ಮೊದಲು ಗಾರ್ಡ್ ಆಗಿ ಹೇಳುತ್ತೇನೆ: ನೀವಿಬ್ಬರೂ ಮಾಡಿದ್ದು ಶುದ್ಧ ತಪ್ಪು. ಮರಿ ಜೊತೆಗಿರುವ ಕಾಟಿಯ ಹತ್ತಿರ ಯಾರೂ ಹೋಗಬಾರದು. ಇನ್ನೊಂದು ಸಲ ಹಾಗೆ ಮಾಡಿದರೆ ನಾನೇ ಬಂದು ಬೈಯುತ್ತೇನೆ. ಮಗಳಾಗಿ ಏನು ಹೇಳಬೇಕೋ ಅದನ್ನು ಬರೆಯಲು ಮೂರು ಸಲ ಕೂತು ಎದ್ದಿದ್ದೇನೆ. ನಿನ್ನ ಕಾಗದವನ್ನು ದೊಡ್ಡಿಗೆ ಓದಿ ಹೇಳಿದೆ. ಅಪ್ಪ ಕನ್ನಡಕ ತೆಗೆದು ನಿನ್ನ ಕೈಗೆ ಕೊಟ್ಟರು ಎನ್ನುವಲ್ಲಿ ಕಾಗದ ಕೆಳಗಿಟ್ಟೆ. ‘ಓದು, ಓದು’ ಎಂದು ಅವಳು ನನ್ನ ಬೆನ್ನು ತಟ್ಟಿದಳು.

ಈಗ ನನ್ನ ಸುದ್ದಿ.

ಹೋದ ಶನಿವಾರ ಇಲ್ಲಿ ಮೊದಲ ಮಳೆ ಬಂತು. ಒಣಗಿದ ನೆಲ ನೀರು ಕುಡಿಯುವ ಸದ್ದನ್ನು ನೀನು ಕೇಳಿದ್ದೀಯ? ಹಡ್ಲಿನಲ್ಲಿ ಅದು ಪಿಸುಮಾತಿನಂತೆ ಕೇಳುತ್ತದೆ. ನಾಲ್ಕೈದು ದಿನದಲ್ಲಿ ಸುಟ್ಟ ಬಣ್ಣದ ಹುಲ್ಲಿನ ಬುಡದಿಂದೆಲ್ಲ ಎಳೆ ಹಸಿರು ಎದ್ದಿತು. ಗುರುವಾರ ಬೆಳಿಗ್ಗೆ ಮಂಜೋ ಮಂಜು. ಕಂದಕದ ಆಚೆ ಏನೂ ಕಾಣುತ್ತಿರಲಿಲ್ಲ. ನಾನು ಎಂದಿನಂತೆ ಚಹಾ ಹಿಡಿದು ನಿಂತಿದ್ದೆ.

ಮೊದಲು ಹುಲ್ಲು ಕೀಳುವ ಸದ್ದು ಬಂತು. ಒಂದು ಕಡೆಯಿಂದಲ್ಲ, ಎಲ್ಲ ಕಡೆಯಿಂದ. ನಿಧಾನಕ್ಕೆ, ಒಂದೇ ಸಮನೆ, ಅವಸರವೇ ಇಲ್ಲದ ಸದ್ದು. ಜಿಂಕೆ ಹೀಗೆ ಮೇಯುವುದಿಲ್ಲ. ನನಗೆ ಅಲುಗಾಡಲು ಆಗಲಿಲ್ಲ. ಮಂಜು ತೆಳುವಾಗುತ್ತ ಬಂದಂತೆ ಅದರೊಳಗೆ ಅಲ್ಲಲ್ಲಿ ಕಪ್ಪು ಗಟ್ಟಿಯಾಗತೊಡಗಿತು. ಬಂಡೆಯಾ? ಅಲ್ಲಿ ಬಂಡೆಗಳಿಲ್ಲ. ಒಂದು ಬಂಡೆ ತಲೆ ಎತ್ತಿತು. ಮೂಗಿನಿಂದ ಹೊರಟ ಹಬೆ ಮಂಜಿಗೆ ಸೇರಿಕೊಂಡಿತು.

ರವಿಯನ್ನು ಕರೆಯಲಿಲ್ಲ. ಕರೆದರೆ ಇದೆಲ್ಲ ಮುಗಿದುಬಿಡುತ್ತದೆ ಅನ್ನಿಸಿತು. ಆದರೆ ಅವನೇ ಎದ್ದು ಬಂದು ನನ್ನ ಪಕ್ಕ ನಿಂತಿದ್ದ, ಬಾಯಿ ಅರ್ಧ ತೆರೆದು. ದೊಡ್ಡಿಯೂ ಬಂದಳು. ದೊಡ್ಡ ಹೆಣ್ಣೊಂದು ಮುಂದೆ, ಅದರ ಹಿಂದೆ ಹತ್ತು ಹನ್ನೆರಡು, ನಡುವೆ ಮರಿಗಳು. ಅಂಚಿನಲ್ಲಿ ಬಿದಿರಿಗೆ ತಾಗಿ ಒಂದು ಗಂಡು, ಅದರ ಬೆನ್ನಿನ ಮೇಲೆ ಬೆಳ್ಳಕ್ಕಿ. ಅವು ಹೊಸ ಜಾಗಕ್ಕೆ ಬಂದವರಂತೆ ಸುತ್ತ ನೋಡುತ್ತಲೂ ಇರಲಿಲ್ಲ, ಬೆದರುತ್ತಲೂ ಇರಲಿಲ್ಲ. ನಿನ್ನೆ ಸಂಜೆ ಬಿಟ್ಟ ಕೆಲಸವನ್ನು ಇವತ್ತು ಮುಂದುವರಿಸಿದ ಹಾಗೆ ಮೇಯುತ್ತಿದ್ದವು.

ದೊಡ್ಡಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕಣ್ಣು ಕಿರಿದು ಮಾಡಿ ಒಂದೊಂದನ್ನೇ ನೋಡಿದಳು. ಬಹಳ ಹೊತ್ತಾದ ಮೇಲೆ, ‘ಇವು ಅವಲ್ಲ’ ಎಂದಳು.

‘ಅಂದ್ರೆ?’

‘ಅವು ಇನ್ನೂ ದೊಡ್ಡವು.’

ರವಿ ನಗಲು ಹೋಗಿ ನನ್ನ ಮುಖ ನೋಡಿ ಸುಮ್ಮನಾದ. ದೊಡ್ಡಿ ಕಂದಕದ ಅಂಚಿನಲ್ಲಿ ಕೂತಳು. ಸೆರಗಿನಿಂದ ಎಲೆ ಅಡಿಕೆ ತೆಗೆದಳು, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತಳು. ಬಿಸಿಲು ಬಂದು ಅವುಗಳ ಬೆನ್ನೆಲ್ಲ ಹೊಳೆಯತೊಡಗಿದಾಗ, ‘ಇರ್ಲಿ ಬುಡವ್ವ. ಇವೂ ಆಯ್ತವೆ’ ಎಂದಳು.

ನಾಲ್ಕು ದಿನವಾಯಿತು, ಹೋಗಿಲ್ಲ. ಬೆಳಿಗ್ಗೆ ಹಡ್ಲಿನಲ್ಲಿ, ಬಿಸಿಲೇರಿದರೆ ಬಿದಿರಿನ ನೆರಳಿನಲ್ಲಿ. ಸಾಹೇಬರು ಬಂದು ನೋಡಿ, ಕ್ಯಾಂಪ್ ಮುಚ್ಚುವುದಿಲ್ಲ ಎಂದು ಹೇಳಿ ಹೋದರು. ಗಸ್ತಿನಲ್ಲಿ ನಾನೀಗ ಬಹಳ ಮೆಲ್ಲಗೆ ನಡೆಯುತ್ತೇನೆ. ಮನೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ನಿನಗೆ ಇದನ್ನು ತೋರಿಸಬೇಕು. ಅಪ್ಪನಿಗೂ. ಅಪ್ಪನಿಗೆ ಎಂದು ಬರೆದು ಹೊಡೆದುಹಾಕಲು ಹೋದೆ, ಆಮೇಲೆ ಬಿಟ್ಟಿದ್ದೇನೆ.

ರಂಜಿ


ಹುದಿಕೇರಿ
ಏಪ್ರಿಲ್ 27, 2025

ಚಿ. ರಂಜಿತಾಳಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಇದುವರೆಗೆ ಮಳೆ ಸಾಕಷ್ಟು ಆಗಿದೆ. ಹೂವು ಚೆನ್ನಾಗಿ ಬಂದು ಕಾಯಿ ಕಟ್ಟಿದೆ. ಸಾವುಕಾರ್ ಬೆಳ್ಳಿಯಪ್ಪನವರಿಗೆ ಹೇಳಿ ಹೊಂಡದ ನಾಲ್ಕೂ ಕಡೆ ತೆಂಗಿನ ನಾರಿನ ಬಲೆ ಹಾಕಿಸಿದ್ದೇನೆ. ಇನ್ನು ಯಾವ ಪ್ರಾಣಿ ಬಿದ್ದರೂ ಹತ್ತಿ ಬರಬಹುದು.

ನಿನ್ನ ಅಮ್ಮ ಈಗ ದಿನವೂ ತೋಟಕ್ಕೆ ಬರುತ್ತಾಳೆ. ಕೆಲಸಕ್ಕಲ್ಲ. ನಾನು ಹಾಜರಿ ಕರೆಯುವಾಗ ಜೊತೆಗೆ ನಿಂತಿರುತ್ತಾಳೆ, ಆಮೇಲೆ ಹೆಂಗಸರ ಜೊತೆ ಮಾತಾಡುತ್ತ ಒಂದು ಸುತ್ತು ಹೋಗಿ ಬರುತ್ತಾಳೆ. ನಿನ್ನೆ ಊರುಗೋಲು ಮರೆತು ಹೋಗಿದ್ದಳು.

ನಿನ್ನ ಕಾಗದಗಳನ್ನು ನಾನು ಓದಿದ್ದೇನೆ. ಎಲ್ಲವನ್ನೂ. ಅವಳು ಹಿತ್ತಲಲ್ಲಿ ಇದ್ದಾಗ ತೆಗೆದು ಓದಿ ಇದ್ದ ಹಾಗೆಯೇ ಇಡುತ್ತಿದ್ದೆ. ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಿತ್ತಂತೆ.

ಆಸ್ಪತ್ರೆಯಲ್ಲಿ ನಾನು ಅಂದದ್ದು ನಿನಗೆ ನೆನಪಿದೆ ಎಂದು ನಿನ್ನ ಮೊದಲ ಕಾಗದದಲ್ಲೇ ತಿಳಿಯಿತು. ಅದನ್ನು ಓದಿದ ದಿನ ಹಾಜರಿ ಕರೆಯುವಾಗ ಎರಡು ಹೆಸರು ಬಿಟ್ಟುಬಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಹಾಗಾಗಿರಲಿಲ್ಲ. ಉತ್ತರ ಬರೆಯಬೇಕು ಎಂದು ಬಹಳ ಸಲ ಕೂತೆ. ರೈಟರ್ ಕೆಲಸ ಮಾಡಿದವನಿಗೆ ಬರೆಯಲು ಬರಲಿಲ್ಲ.

ಆ ದಿನ ಏರಿಯ ಮೇಲೆ ಕಾಟಿ ನನ್ನ ಕಡೆ ಬರುವಾಗ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಈಗಲೂ ಯೋಚಿಸುತ್ತೇನೆ. ಮಗುವಿನ ಮೇಲೆ ಜೀವ ಇಟ್ಟುಕೊಂಡವರು ಹಾಗೆ ನುಗ್ಗುತ್ತಾರೆ, ಎದುರಿಗೆ ಯಾರಿದ್ದಾರೆ ಎಂದು ನೋಡುವುದಿಲ್ಲ. ಆಸ್ಪತ್ರೆಯಲ್ಲಿ ನಾನೂ ನೋಡಿರಲಿಲ್ಲ.

ನಿನ್ನ ಅಮ್ಮನಿಗೆ ನಿಮ್ಮ ಹಡ್ಲನ್ನು ನೋಡಬೇಕಂತೆ. ಕುಟ್ಟದ ಆಫೀಸಿಗೆ ಹೋಗಿ ಕೇಳಿ ಬಂದೆ. ಮೇ ಹದಿನೆಂಟನೇ ತಾರೀಕು ಭಾನುವಾರ ನಿಮ್ಮ ರೇಷನ್ ಜೀಪಿನಲ್ಲೇ ಕರೆದುಕೊಂಡು ಹೋಗಿ ಸಂಜೆ ವಾಪಸು ಬಿಡಲು ಒಪ್ಪಿದ್ದಾರೆ. ಅವಳನ್ನು ನಿನ್ನ ಹತ್ತಿರ ಬಿಟ್ಟು ನಾನು ಜೀಪಿನಲ್ಲೇ ಕೂತಿರುತ್ತೇನೆ. ಕೂತಿರುತ್ತೇನೆ ಎಂದು ಬರೆದೆ. ಇಳಿಯುತ್ತೇನೆ ಅನ್ನಿಸುತ್ತದೆ.

ನೀನು ಎರಡು ದಿನ ರಜೆ ಕೇಳಿಕೋ. ವಾಪಸು ಬರುವಾಗ ಜೀಪಿನಲ್ಲಿ ನಾವು ಮೂವರು ಎಂದು ಅವರಿಗೆ ಈಗಾಗಲೇ ಹೇಳಿ ಬಂದಿದ್ದೇನೆ.

ನಿನ್ನ ಅಪ್ಪ
ಗುರುವಪ್ಪ